ಸೂಟ್‌ಕೇಸ್ ಮುಚ್ಚಿದ ಶನಿವಾರ

ನಮ್ಮ ಅತ್ತೆ 'ಹೌದು' ಎನ್ನುವುದಕ್ಕೆ ತಲೆಯನ್ನು ಅತ್ತಿತ್ತ ಆಡಿಸುತ್ತಾರೆ. 'ಇಲ್ಲ' ಎನ್ನಬೇಕಾದರೆ ಗದ್ದ ಮೇಲೆತ್ತಿ ಲೊಚ್ ಎನ್ನುತ್ತಾರೆ. ಬಲ್ಗೇರಿಯಾದಲ್ಲಿ ಹಾಗಂತೆ. ಮದುವೆಗೆ ಮುಂಚೆ ನನ್ನ ಗಂಡ, ಅಮ್ಮನ ತಲೆ ನೋಡಿ ಗಾಬರಿಯಾಗಬೇಡ ಎಂದು ನನಗೆ ದೊಡ್ಡ ಪಾಠ ಮಾಡಿದ್ದ. ಗಾಬರಿ ಎಲ್ಲಿಂದ ಬರಬೇಕು? ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅಪ್ಪ ಜೀವಮಾನವಿಡೀ 'ಹೂಂ'ಗೆ ಹಾಗೆಯೇ ತಲೆ ಆಡಿಸಿದವರು, 'ಇಲ್ಲ'ಕ್ಕೆ ಹಾಗೆಯೇ ಲೊಚಗುಟ್ಟಿದವರು. ಇಲ್ಲಿಯ ಅಂಗಡಿಯವರು, ನರ್ಸುಗಳು, ಬಸ್ಸಿನ ಡ್ರೈವರುಗಳು ಎಲ್ಲರೂ ಅತ್ತೆಯ ತಲೆಯನ್ನು ತಿರುಗಾಮುರುಗಾ ಓದುವವರೇ. ಇಡೀ ಅಮೆರಿಕದಲ್ಲಿ ಅದು ಸರಿಯಾಗಿ ಅರ್ಥವಾಗುವ ಸೊಸೆ ನಾನೊಬ್ಬಳೇ ಎಂಬ ಜಂಬ ನನಗಿತ್ತು.

ಮಾವ ತೀರಿಕೊಂಡ ಮೇಲೆ ಅತ್ತೆ ವುಡಿನ್‌ವಿಲ್‌ನ ನಮ್ಮ ಮನೆಗೆ ಬಂದು ನೆಲೆಸಿದರು. ನಾನು ಅವರನ್ನು ನಮ್ಮ ಕಡೆಯಂತೆ 'ಅತ್ತಿ' ಎಂದೇ ಕರೆಯುತ್ತೇನೆ. ಅದು ಅವರ ಹೆಸರಿಗಿಂತ ಚೆನ್ನಾಗಿದೆ ಎನ್ನುತ್ತಾರೆ. ನಮ್ಮಿಬ್ಬರ ಮಾತು ಹರಕು ಇಂಗ್ಲಿಷ್, ನಡುನಡುವೆ ಅವರು ಕಲಿತ ನಾಲ್ಕು ಕನ್ನಡ ಮಾತು, ಉಳಿದದ್ದು ಕೈ ಮತ್ತು ತಲೆ. ಇಷ್ಟರಲ್ಲೇ ನಾವು ಒಳ್ಳೆಯ ಜಗಳಗಳನ್ನೂ ಆಡಿದ್ದೇವೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಅಲ್ಲಿ ಪ್ರತಿ ಸಲ ನರ್ಸ್ ಕೇಳುತ್ತಾಳೆ, ಫೋನಿನಲ್ಲಿ ಬಲ್ಗೇರಿಯನ್ ದುಭಾಷಿಯನ್ನು ಕರೆಸಲೇ ಎಂದು. ಪ್ರತಿ ಸಲ ಅತ್ತೆ ಗದ್ದ ಎತ್ತಿ ಲೊಚ್ ಎಂದು ನನ್ನ ಕಡೆ ಬೆರಳು ತೋರಿಸುತ್ತಿದ್ದರು. "ನನ್ನ ಸೊಸೆ ಇದ್ದಾಳೆ." ಆ ಬೆರಳು ನನ್ನ ಕಡೆ ತಿರುಗಿದಾಗ ನಾನು ಸ್ವಲ್ಪ ನೆಟ್ಟಗೆ ಕೂರುತ್ತಿದ್ದೆ.

ಬಲ್ಗೇರಿಯಾದ ಅವರ ಊರಿನಲ್ಲಿ ಒಂದು ದೊಡ್ಡ ಹಾಲ್ ಇತ್ತು. ಕಮ್ಯುನಿಸ್ಟರ ಕಾಲದಲ್ಲಿ ಕಟ್ಟಿದ್ದು. ಹಗಲು ಪಕ್ಷದ ಸಮ್ಮೇಳನ, ಸಂಜೆ ಸಂಗೀತ. ಮದುವೆಯಾದ ಹೊಸದರಲ್ಲಿ ಅತ್ತೆ ನನ್ನನ್ನು ಮೊಟ್ಟಮೊದಲು ಕರೆದುಕೊಂಡು ಹೋಗಿದ್ದು ಇಗರ್ಜಿಗಲ್ಲ, ನೆಂಟರ ಮನೆಗಲ್ಲ, ಅಲ್ಲಿಗೆ. ಬೋಳು ಚೌಕದ ನಡುವೆ ಬೂದು ಕಾಂಕ್ರೀಟಿನ ಒಂದು ಭಾರೀ ಪೆಟ್ಟಿಗೆ, ಮೇಲಿನ ಚಪ್ಪರ ಅರ್ಧ ತೆರೆದ ಮುಚ್ಚಳದ ಹಾಗೆ. ಊರವರು ಅದನ್ನು 'ಸೂಟ್‌ಕೇಸ್' ಎನ್ನುತ್ತಿದ್ದರಂತೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಆಗಂತೂ ಬರುತ್ತಿರಲಿಲ್ಲ. ನಮ್ಮ ಊರಿನ ನೀರಿನ ಟ್ಯಾಂಕ್ ಇದಕ್ಕಿಂತ ಲಕ್ಷಣವಾಗಿದೆ ಎಂದುಬಿಟ್ಟೆ. ಅತ್ತೆ ನಕ್ಕು, ಒಳಗೆ ಬಾ ಎಂದರು.

ಒಳಗೆ ಹೋದರೆ ಬಾಯಿ ಮುಚ್ಚಿತು. ಗೋಡೆಯ ತುಂಬಾ ಆಕ್ರೋಡು ಮರದ ಉದ್ದುದ್ದ ಪಟ್ಟಿಗಳು, ಕಿತ್ತಳೆ ಬಣ್ಣದ ಕುರ್ಚಿಗಳು, ಚಾವಣಿಯಿಂದ ಇಳಿಬಿದ್ದ ಗಾಜಿನ ಕೊಳವೆಯ ದೀಪಗಳು. ಒಂದೊಂದು ಕುರ್ಚಿಯ ತೋಳಿನಲ್ಲೂ ಕಿವಿಗೆ ಹಾಕುವ ಫೋನ್, ಭಾಷೆ ಆರಿಸಿಕೊಳ್ಳಲು ತಿರುಗಿಸುವ ಗುಂಡಿ. ಹಿಂಗೋಡೆಯ ಎತ್ತರದಲ್ಲಿ ದುಭಾಷಿಗಳು ಕೂರುವ ಗಾಜಿನ ಗೂಡುಗಳು. ಅತ್ತೆ ಹಗಲು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು, ಸಂಜೆ ಊರಿನ ಗಾಯನ ವೃಂದದಲ್ಲಿ ಹಾಡುತ್ತಿದ್ದರು. ಅವರದು ಆಲ್ಟೊ, ಅಂದರೆ ಹೆಂಗಸರ ದನಿಯಲ್ಲಿ ಕೆಳಗಿನದು. ವೇದಿಕೆ ಹತ್ತಿ ತಮ್ಮ ಜಾಗದಲ್ಲಿ ನಿಂತು ತೋರಿಸಿದರು. "ಇಲ್ಲಿ. ಮೂರನೇ ಸಾಲು, ಕಂಬದ ಪಕ್ಕ. ಜನಕ್ಕೆ ನಾವು ಕೇಳಿಸೋದಿಲ್ಲ. ಇಲ್ಲದೇ ಹೋದರೆ ಮಾತ್ರ ಏನೋ ಕಮ್ಮಿ ಅನ್ನಿಸುತ್ತೆ."

ಹೋದ ವರ್ಷ ಅತ್ತೆಯ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದರು. ಎಲ್ಲ ಸುಸೂತ್ರವಾಯಿತು. ಭಾರ ಎತ್ತಬೇಡಿ, ದಿನಾ ನಡೆಯಿರಿ, ಅಷ್ಟೇ ಎಂದರು ಡಾಕ್ಟರು. ಆದರೆ ನಾನು ಸುಮ್ಮನಿರಬೇಕಲ್ಲ. ಅವರು ಜೋರಾಗಿ ಕೆಮ್ಮಿದರೂ ಕೈಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಉಪ್ಪು ಬಚ್ಚಿಟ್ಟೆ, ಕಾಫಿ ತೆಳ್ಳಗೆ ಮಾಡಿದೆ, ಮನೆಯಲ್ಲಿ ಯಾರೂ ದನಿ ಎತ್ತಬಾರದು ಎಂದು ನಾನೇ ದನಿ ಎತ್ತಿ ಹೇಳಿದೆ.

ಆಗ ಬಂತು ಆ ಫೋನು. ಅತ್ತೆ ಹಿತ್ತಲಲ್ಲಿ ಟೊಮೇಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದರು. ಅವರ ಮೊಬೈಲು ಅಡುಗೆಮನೆ ಕಟ್ಟೆಯ ಮೇಲೆ ಹೊಡೆದುಕೊಂಡಿತು. ಆಸ್ಪತ್ರೆಯದಿರಬಹುದು ಎಂದು ನಾನೇ ಎತ್ತಿದೆ. ಅತ್ತೆಯ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ಹಾಡಿದ ಗೆಳತಿಯ ಮಗಳು. ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದಳು. ಸೂಟ್‌ಕೇಸನ್ನು ಕೆಡವುತ್ತಾರೆ, ನಗರಸಭೆಯಲ್ಲಿ ತೀರ್ಮಾನವಾಗಿಬಿಟ್ಟಿದೆ ಎಂದಳು. ಬೀಗ ಹಾಕುವ ಮುಂಚೆ ಒಂದು ಶನಿವಾರ ಸಂಜೆ ಹಳೇ ಗಾಯನ ವೃಂದದವರೆಲ್ಲ ಸೇರಿ ಕೊನೆಯ ಸಲ ಹಾಡುತ್ತಾರೆ. "ಅವರು ಬರಲೇಬೇಕು. ಪ್ರಯಾಣ ಆಗದಿದ್ದರೆ ಅಲ್ಲಿಂದಲೇ ಹಾಡಲಿ, ನಾವು ದೊಡ್ಡ ಪರದೆಯ ಮೇಲೆ ತೋರಿಸುತ್ತೇವೆ. ಅಮ್ಮ ಅವರ ಜಾಗ ಹಿಡಿದಿಟ್ಟಿದ್ದಾಳೆ."

ಕಿಟಕಿಯಾಚೆ ಅತ್ತೆ ಬಾಯಲ್ಲಿ ದಾರ ಕಚ್ಚಿಕೊಂಡು ಗಿಡಕ್ಕೆ ಗಂಟು ಹಾಕುತ್ತಿದ್ದರು. ಒಂದು ಸಲ ಕೂಗಿದ್ದರೆ ಸಾಕಿತ್ತು. ನಾನು ಕೂಗಲಿಲ್ಲ. "ಡಾಕ್ಟರು ಬೇಡ ಅಂದಿದ್ದಾರೆ. ಹೃದಯದ ತೊಂದರೆ. ಇಂಥ ಸುದ್ದಿ ಅವರು ತಡೆಯಲಾರರು. ದಯವಿಟ್ಟು ಯಾರೂ ಅವರಿಗೆ ಇದನ್ನು ಹೇಳಬೇಡಿ, ಸ್ವಲ್ಪ ದಿನ ಫೋನ್ ಕೂಡ ಮಾಡಬೇಡಿ" ಎಂದೆ. ಸುಳ್ಳು ನೀರು ಕುಡಿದಷ್ಟು ಸಲೀಸಾಗಿ ಬಂತು. ಪಾಪ, ಆ ಹುಡುಗಿ ನಂಬಿಕೊಂಡು, ಎಲ್ಲರಿಗೂ ತಿಳಿಸುತ್ತೇನೆ ಎಂದಳು. ಫೋನಿಟ್ಟು, ಆ ಕಾಲ್ ಬಂದದ್ದೇ ಕಾಣದ ಹಾಗೆ ಅಳಿಸಿಹಾಕಿದೆ.

ಕೆಟ್ಟ ಕೆಲಸ ಮಾಡಿದೆ ಎಂದು ಆ ಗಳಿಗೆಯಲ್ಲಿ ಅನ್ನಿಸಲೇ ಇಲ್ಲ. ನಮ್ಮಲ್ಲಿ ಇದು ನಡೆದು ಬಂದ ರೀತಿ. ವಯಸ್ಸಾದವರಿಗೆ ಕೆಟ್ಟ ಸುದ್ದಿ ಹೇಳುವುದಿಲ್ಲ. ಊಟವಾಗಲಿ, ನಿದ್ದೆಯಾಗಲಿ, ಹಬ್ಬ ಕಳೆಯಲಿ ಎಂದು ಮುಂದೂಡುತ್ತಾ ಹೋಗುತ್ತೇವೆ. ಅಜ್ಜಿಗೆ ಅವಳ ತಂಗಿ ಸತ್ತ ಸುದ್ದಿಯನ್ನು ನಾವೆಲ್ಲ ಸೇರಿ ಬಚ್ಚಿಟ್ಟಿದ್ದೆವು. ಹಾಗೆ ಬಚ್ಚಿಡುವುದಕ್ಕೆ ನಮ್ಮ ಮನೆಯಲ್ಲಿ ಪ್ರೀತಿ ಎಂದು ಹೆಸರು. ಆದರೂ ಯಾರಾದರೂ ಭೇಷ್ ಎನ್ನಲಿ ಎಂದು ಬೆಲ್ವ್ಯೂನಲ್ಲಿರುವ ಬೆಂಗಳೂರಿನ ಗೆಳತಿಗೆ ಫೋನ್ ಮಾಡಿದೆ.

"ಸರಿಯಾಗೇ ಮಾಡಿದೀಯ ಕಣೇ! ಹಾರ್ಟ್ ಪೇಶೆಂಟ್‌ಗೆ ಇಂಥದ್ದೆಲ್ಲಾ ಹೇಳ್ತಾರಾ ಯಾರಾದ್ರೂ? ಆಮೇಲೆ ನಿಧಾನವಾಗಿ ಹೇಳಿದ್ರಾಯ್ತು ಬಿಡು" ಎಂದಳು. ನನಗೆ ಬೇಕಾಗಿದ್ದೂ ಅದೇ.

ರಾತ್ರಿ ಊಟವಾದ ಮೇಲೆ ಗಂಡನಿಗೆ ಹೇಳಿದೆ. ಅವನ ಮುಖ ಸಣ್ಣದಾಯಿತು. ಕೆಡವುವ ಸುದ್ದಿ ಅವನೂ ಓದಿದ್ದನಂತೆ, ಅಮ್ಮನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದನಂತೆ. ಕೊನೆಯ ಹಾಡಿನ ವಿಷಯ ಗೊತ್ತಿರಲಿಲ್ಲ.

"ಹೇಳಿಬಿಡೋಣ," ಎಂದ.

"ಏನಾದರೂ ಹೆಚ್ಚುಕಮ್ಮಿ ಆದರೆ? ನೀನು ಆಫೀಸಿನಲ್ಲಿರುತ್ತೀಯ. ಆಂಬುಲೆನ್ಸ್ ಕರೆಯೋಳು ನಾನು."

ಅವನು ತಟ್ಟೆಗಳನ್ನು ಸಿಂಕಿಗಿಟ್ಟು ಬಂದು, "ನಿನ್ನ ಅಪ್ಪನ ವಿಷಯದಲ್ಲಿ ನಿನ್ನ ಅಣ್ಣನನ್ನು ನೀನು ಇವತ್ತಿಗೂ ಕ್ಷಮಿಸಿಲ್ಲ," ಎಂದ.

ನನಗೆ ಸಿಟ್ಟು ಎಲ್ಲಿತ್ತೋ ಬಂತು. ಅದು ಬೇರೆ, ಇದು ಬೇರೆ ಎಂದು ಹಾರಾಡಿದೆ. ಅಷ್ಟು ಹಾರಾಡಿದ ಮೇಲೆ ಅವನು ಯಾವತ್ತೂ ವಾದ ಮಾಡುವುದಿಲ್ಲ. ಅವತ್ತಾದರೂ ಮಾಡಬೇಕಿತ್ತು ಎಂದು ಈಗ ಅವನ ಮೇಲೂ ಒಂದಿಷ್ಟು ತಪ್ಪು ಹೊರಿಸಲು ನೋಡುತ್ತೇನೆ. ನನ್ನ ಬುದ್ಧಿಯೇ ಅಂಥದ್ದು.

ಅಪ್ಪನ ವಿಷಯ ಇಷ್ಟು. ಕೆಲವು ವರ್ಷಗಳ ಹಿಂದೆ ಅಣ್ಣ ಹುಬ್ಬಳ್ಳಿಯಿಂದ ಫೋನ್ ಮಾಡಿ, "ಅಪ್ಪಗ ಸ್ವಲ್ಪ ಆರಾಮಿಲ್ಲ, ಒಮ್ಮೆ ಬಂದು ಹೋಗು" ಎಂದ. ನಾನು ಟಿಕೆಟ್ ತೆಗೆದೆ. ಹೊರಡುವ ಮುಂಚೆ ಬೆಲ್ವ್ಯೂನ ಅಂಗಡಿಗೆ ಹೋಗಿ ಅಪ್ಪನ ಅಳತೆಗೆ ವಾಕಿಂಗ್ ಶೂಸ್ ಕೊಂಡೆ. ವಿಮಾನದಲ್ಲಿ ಒಂದು ನಗೆಯ ಸಿನಿಮಾ ನೋಡಿ ಪಕ್ಕದವರು ತಿರುಗಿ ನೋಡುವಷ್ಟು ನಕ್ಕೆ. ಮನೆ ಮುಂದೆ ಟ್ಯಾಕ್ಸಿ ನಿಂತಾಗ ಅಂಗಳದ ತುಂಬ ಚಪ್ಪಲಿಗಳು. ಅಣ್ಣ ಫೋನ್ ಮಾಡಿದಾಗಲೇ ಅಪ್ಪ ಇರಲಿಲ್ಲ. ನಾನು ಆ ಸಿನಿಮಾಕ್ಕೆ ನಗುವಾಗ ಅಪ್ಪ ನಡುಮನೆಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿದ್ದರು. "ಹೇಳಿದ್ರ ದಾರಿ ತುಂಬ ಒಬ್ಬಾಕೀನ ಅಳಕೋತ ಬರ್ತಿದ್ದಿ, ಅದಕ್ಕ ಹೇಳ್ಲಿಲ್ಲವ್ವಾ" ಎಂದು ಅಣ್ಣ ನನ್ನ ತಲೆ ಸವರಿದ. ನಾನು ಅವನ ಕೈ ಕಿತ್ತೆಸೆದೆ. ನನ್ನ ಅಳುವನ್ನು ಯಾವಾಗ ಅಳಬೇಕು ಎಂದು ಗೊತ್ತುಮಾಡೋಕೆ ನೀ ಯಾರು ಎಂದು ಎಲ್ಲರೆದುರು ಕೂಗಿದೆ. ಇಷ್ಟೆಲ್ಲ ಕೂಗಿದವಳೇ ನಾನು.

ದಿನ ಕಳೆದಂತೆ ಅತ್ತೆಯ ಫೋನು ಮೌನವಾಯಿತು. ವಾರಕ್ಕೆ ಎರಡು ಮೂರು ಸಲವಾದರೂ ಹರಟುತ್ತಿದ್ದ ಗೆಳತಿಯರು ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಅತ್ತೆ ತಾವಾಗಿ ಮಾಡಿದರೆ ಆ ಕಡೆಯಿಂದ ಎರಡೇ ಮಾತು, ಆಮೇಲೆ ಏನೋ ಕೆಲಸ ಎಂದು ಇಟ್ಟುಬಿಡುತ್ತಿದ್ದರು. ಒಂದು ಸಂಜೆ ಬಟಾಣಿ ಸುಲಿಯುತ್ತಾ, "ಎಲ್ಲರಿಗೂ ನಾನು ಸಾಕಾದೆನಾ?" ಎಂದು ಕೇಳಿದರು. 'ಸಾಕು' ಎಂಬ ಮಾತನ್ನು ಅವರು ನಮ್ಮ ಊಟದ ಮೇಜಿನಲ್ಲಿ ಕಲಿತದ್ದು, ಕನ್ನಡದಲ್ಲೇ ಹೇಳಿದರು. ನನ್ನ ಕೈಲಿದ್ದ ಬಟಾಣಿ ಸಿಪ್ಪೆಯನ್ನು ಕಾಳಿನ ಪಾತ್ರೆಗೆ ಹಾಕಿಬಿಟ್ಟೆ. ಛೇ ಛೇ, ಅವರಿಗೂ ವಯಸ್ಸಾಯಿತಲ್ಲ ಅತ್ತಿ ಎಂದೆ. ಹೇಳಿಬಿಡು, ಈಗಲಾದರೂ ಬಾಯಿ ಬಿಡು ಎಂದು ಒಳಗೊಳಗೇ ನನಗೆ ನಾನೇ ಬೈದುಕೊಂಡೆ. ಬಾಯಿ ಬಿಡಲಿಲ್ಲ. ಈಗ ಹೇಳಿದರೆ ಆ ಫೋನಿನ ವಿಷಯವನ್ನೂ ಹೇಳಬೇಕಲ್ಲ. ಮೊದಲು ಅವರ ಹೃದಯಕ್ಕೆ ಹೆದರಿದ್ದೆ, ಆಮೇಲೆ ಹೆದರಿದ್ದು ನನ್ನ ಮಾನಕ್ಕೆ.

ಆ ಶನಿವಾರ ಬಂತು. ಅಲ್ಲಿಯ ಸಂಜೆ ಎಂದರೆ ಇಲ್ಲಿಯ ಬೆಳಗ್ಗೆ. ಯಾರಾದರೂ ತಡೆಯಲಾರದೆ ಫೋನ್ ಮಾಡಿಬಿಟ್ಟರೆ ಎಂದು, ತಿಂಡಿಯಾದದ್ದೇ ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಮರ್ಸರ್ ಐಲ್ಯಾಂಡ್‌ನ ಕೆರೆ ದಂಡೆಗೆ ಹೊರಟೆ. ಅವರ ಮೊಬೈಲು ಚಾರ್ಜಿಗಿತ್ತು. ಅದನ್ನು ಮರೆತಂತೆ ಬಿಟ್ಟು ಬಂದೆ. ದಾರಿಯಲ್ಲಿ ಅತ್ತೆ ಜೇಬು ತಡಕಿ, "ಫೋನ್ ಬಿಟ್ಟೆ" ಎಂದರು. "ಬಿಡಿ ಅತ್ತಿ, ಯಾರು ಮಾಡ್ತಾರೆ" ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿ ತಲೆಯನ್ನು ಅತ್ತಿತ್ತ ಆಡಿಸಿದರು. ಹೌದು, ಯಾರು ಮಾಡುತ್ತಾರೆ.

ಕೆರೆ ದಂಡೆಯ ಬೆಂಚಿನ ಮೇಲೆ ಕೂತೆವು. ಬಿಸಿಲು ಚೆನ್ನಾಗಿತ್ತು. ಒಂದು ಬಾತುಕೋಳಿ ಬಂದು ಅತ್ತೆಯ ಬೂಟಿನ ದಾರವನ್ನು ಎಳೆಯಿತು, ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ವಿಮಾನ ನೆನಪಾಯಿತು. ಇವರ ಹಾಲ್‌ನಲ್ಲಿ ಈ ಹೊತ್ತು ಕೊನೆಯ ಹಾಡು ನಡೆಯುತ್ತಿದೆ, ಇವರು ಬಾತುಕೋಳಿಗೆ ನಗುತ್ತಿದ್ದಾರೆ, ನಗಿಸಲು ಕರೆತಂದವಳು ನಾನು. ನಕ್ಕು ಸುಸ್ತಾದ ಮೇಲೆ ಅವರು ಏನನ್ನೋ ಗುನುಗತೊಡಗಿದರು. ರಾಗವೇ ಇಲ್ಲದ, ಒಂದೇ ಕಡೆ ನಿಂತು ನಿಂತು ಸಾಗುವ ಗುನುಗು. ಅದು ಆಲ್ಟೊದವರ ಪಾಲು, ಮಿಕ್ಕ ದನಿಗಳು ಇಲ್ಲದಿದ್ದರೆ ಹಾಗೇ ಕೇಳಿಸುತ್ತದೆ ಎಂದು ನನಗೆ ಗೊತ್ತು. ನೀರು ತರುತ್ತೇನೆ ಎಂದು ಎದ್ದು ಕಾರಿನ ಹತ್ತಿರ ಹೋಗಿ ಬಾಗಿಲಿಗೆ ಒರಗಿ ಅತ್ತುಬಿಟ್ಟೆ. ಆಮೇಲೆ ಮುಖ ಒರೆಸಿಕೊಂಡು ಬಂದೆ.

ಸ್ವಲ್ಪ ದಿನದ ಮೇಲೆ, ಭಾನುವಾರ ಬೆಳಗ್ಗೆ, ನಾವು ಮೂವರೂ ಅಡುಗೆಮನೆಯಲ್ಲಿದ್ದಾಗ ಅತ್ತೆಯ ಜಾಗ ಹಿಡಿದಿಟ್ಟಿದ್ದ ಆ ಹಾಡಿನ ಗೆಳತಿ ಫೋನ್ ಮಾಡಿಯೇಬಿಟ್ಟರು. ಅತ್ತೆ ಖುಷಿಯಿಂದ ಎತ್ತಿದರು. ಆ ಕಡೆ ಅಳು. ನನಗೆ ಅವರ ಭಾಷೆ ತಿಳಿಯದು. ಆದರೆ ಅತ್ತೆಯ ಮುಖದಿಂದ ನಗು ಇಳಿದದ್ದು, ಎಡಗೈಯಿಂದ ಕುರ್ಚಿ ಹುಡುಕಿ ಕೂತದ್ದು, ಗಂಡ ಹಿಡಿದಿದ್ದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟದ್ದು, ಇಷ್ಟು ಸಾಕಿತ್ತು. ಫೋನಿಟ್ಟ ಮೇಲೆ ಅತ್ತೆ ಮಗನಿಗೆ ಎರಡು ಮಾತು ಹೇಳಿದರು. ಅವನು ಆ ಗೆಳತಿ ಕಳಿಸಿದ ವಿಡಿಯೊವನ್ನು ಟಿವಿಗೆ ಹಾಕಿದ.

ಅದೇ ಮರದ ಪಟ್ಟಿಗಳು, ಅದೇ ಕೊಳವೆ ದೀಪಗಳು, ಅರ್ಧ ಉರಿಯುತ್ತಿರಲಿಲ್ಲ. ವೇದಿಕೆಯ ಮೇಲೆ ನರೆತ ತಲೆಗಳು, ಹೆಂಗಸರೆಲ್ಲರ ಹೆಗಲಿಗೂ ನೀಲಿ ಶಾಲು. ಅತ್ತೆಯ ನೀಲಿ ಶಾಲು ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ನುಸಿಗುಳಿಗೆಯ ನಡುವೆ ಇದೆ. ಮೂರನೇ ಸಾಲಿನಲ್ಲಿ ಕಂಬದ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರು. ಯಾರೂ ಒತ್ತಿಕೊಂಡು ನಿಂತಿರಲಿಲ್ಲ. ಹಾಡು ಶುರುವಾದಾಗ ಅತ್ತೆ ಎದ್ದು ಟಿವಿಯ ಮುಂದೆ ನಿಂತು ತಮ್ಮ ಪಾಲನ್ನು ಹಾಡಿದರು. ಒಂದು ಸಾಲು ಹಾಡಿದರು, ಉಸಿರು ಎಳೆದುಕೊಳ್ಳುವಷ್ಟರಲ್ಲಿ ಟಿವಿಯವರು ಮುಂದೆ ಹೋಗಿಬಿಟ್ಟರು. "ಇವರು ಕಾಯೋದಿಲ್ಲ," ಎಂದು ಕೂತುಬಿಟ್ಟರು.

"ನನಗೆ ಯಾರು ಹೇಳಬೇಡ ಅಂದರು?" ಎಂದು ಮಗನನ್ನು ಇಂಗ್ಲಿಷಿನಲ್ಲಿ ಕೇಳಿದರು. ನನಗೂ ತಿಳಿಯಲಿ ಎಂದೇ ಇಂಗ್ಲಿಷಿನಲ್ಲಿ.

"ನಾನು, ಅತ್ತಿ," ಎಂದೆ. "ನಿಮ್ಮ ಹಾರ್ಟ್‌ಗೆ ಏನಾದ್ರೂ ಆದೀತು ಅಂತ. ಡಾಕ್ಟರು ಹೇಳಿದರು ಅಂತ ಸುಳ್ಳು ಹೇಳಿದೆ. ಅವತ್ತು ಫೋನನ್ನೂ ಬೇಕಂತಲೇ ಬಿಟ್ಟು ಬಂದೆ."

ಬೈಯಲಿ ಎಂದು ಕಾದೆ. ನಾವು ಬೈಸಿಕೊಂಡು ಹಗುರಾಗುವ ಜನ. ಅವರು ಬೈಯಲಿಲ್ಲ. ಹುಡುಕಿ ಹುಡುಕಿ ಇಂಗ್ಲಿಷ್ ಮಾತು ಜೋಡಿಸಿದರು. ಆ ಹಾಲ್‌ನಲ್ಲಿ ಒಮ್ಮೆ ದೊಡ್ಡ ಸಮ್ಮೇಳನವಿತ್ತಂತೆ. ಹೊರದೇಶದ ಅತಿಥಿಯೊಬ್ಬ ಎದ್ದು, ನಿಮ್ಮ ಊರಿನ ನದಿ ಕಾರ್ಖಾನೆಯ ವಿಷದಿಂದ ಕೆಟ್ಟಿದೆ ಎಂದು ಮಾತಾಡತೊಡಗಿದನಂತೆ. ವೃಂದದವರು ಹಿಂದೆ ಕೂತು ಕಿವಿಗೆ ಫೋನ್ ಹಾಕಿಕೊಂಡಿದ್ದರು. ಗಾಜಿನ ಗೂಡಿನ ದುಭಾಷಿ ಸುಮ್ಮನಾದಳು. ಅತಿಥಿಯ ಬಾಯಿ ಆಡುತ್ತಲೇ ಇದೆ, ಕಿವಿಯಲ್ಲಿ ಬರೀ ಗುಂಯ್. ಕೊನೆಗೆ ಅವಳು, 'ಅತಿಥಿಗಳು ಶುಭ ಹಾರೈಸುತ್ತಾರೆ' ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ನಿಜವಾಗಿ ಹೇಳಿದ್ದೇನು ಎಂದು ತಿಳಿದದ್ದು ವರ್ಷಗಳ ಮೇಲಂತೆ.

"ಅವಳು ಕೆಟ್ಟವಳಲ್ಲ," ಎಂದರು ಅತ್ತೆ. "ಜನರ ಮನಸ್ಸು ಕೆಡಬಾರದು ಅಂತ ಅವಳಿಗೆ ಹೇಳಿದ್ದರು. ನಾವು ಆ ನದಿಯ ಮೀನು ತಿಂದೆವು." ಆಮೇಲೆ ನನ್ನ ಮುಖ ನೋಡಿ, "ಟೀ ಕುಡಿಯುತ್ತೀಯಾ?" ಎಂದರು.

ಅಲ್ಲಿಗೆ ಮಾತು ಮುಗಿಯಿತು. ಅವರು ಮೊದಲಿನಂತೆಯೇ ಇದ್ದರು. ನನ್ನ ಜೊತೆ ಬಟಾಣಿ ಸುಲಿದರು, ನನ್ನ ಸಾರಿಗೆ ಖಾರ ಜಾಸ್ತಿ ಎಂದು ಗೊಣಗಿದರು. ಮೊಬೈಲನ್ನು ಮಾತ್ರ ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಳ್ಳತೊಡಗಿದರು, ಸ್ನಾನಕ್ಕೆ ಹೋಗುವಾಗಲೂ ಒಯ್ಯುತ್ತಿದ್ದರು. ಆಯಿತಲ್ಲ, ಮರೆತರು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕಳೆದ ವಾರ ಹೃದಯದ ತಪಾಸಣೆಗೆ ಬೆಲ್ವ್ಯೂಗೆ ಕರೆದುಕೊಂಡು ಹೋಗಿದ್ದೆ. ಹೊಸ ನರ್ಸ್. ರಕ್ತದೊತ್ತಡ ನೋಡಿ, ಕಂಪ್ಯೂಟರಿನ ಮುಂದೆ ಕೂತು, ಎಂದಿನ ಪ್ರಶ್ನೆ ಕೇಳಿದಳು. "ದುಭಾಷಿ ಬೇಕಾ?"

ನಾನು ಅಭ್ಯಾಸಬಲದಿಂದ ನೆಟ್ಟಗೆ ಕೂತೆ. ಬೆರಳು ನನ್ನ ಕಡೆ ತಿರುಗಲಿಲ್ಲ. ಅತ್ತೆ ಚೀಲದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆಯನ್ನು ಅತ್ತಿತ್ತ ಆಡಿಸಿದರು.

"ಸರಿ, ಬೇಡ," ಎಂದು ನರ್ಸ್ ಟೈಪ್ ಮಾಡತೊಡಗಿದಳು.

ಅತ್ತೆ ನನ್ನ ಕಡೆ ನೋಡಲಿಲ್ಲ. ಮತ್ತೊಮ್ಮೆ ಆಡಿಸಿದರು, ಇನ್ನೂ ಜೋರಾಗಿ. ಖಂಡಿತ ಬೇಡವಂತೆ ಎಂದುಕೊಂಡು ನರ್ಸ್ ನಕ್ಕಳು. ಆ ಕೋಣೆಯಲ್ಲಿ ಆ ತಲೆ ಓದಲು ಬರುವವಳು ನಾನೊಬ್ಬಳೇ. ಸುಮ್ಮನಿದ್ದುಬಿಟ್ಟಿದ್ದರೆ ಆಗಿಹೋಗುತ್ತಿತ್ತು, ನನ್ನ ಜಾಗ ನನಗೇ ಉಳಿಯುತ್ತಿತ್ತು. ಸುಮ್ಮನಿರೋಣ ಎಂದು ಒಂದು ಗಳಿಗೆ ಅನ್ನಿಸಿತು ಕೂಡ, ದೇವರಾಣೆ ಅನ್ನಿಸಿತು.

"ಇಲ್ಲ, ತಪ್ಪು ತಿಳಿದಿರಿ," ಎಂದೆ ನರ್ಸಿಗೆ. "ಅವರು ಬೇಕು ಅಂತಿದ್ದಾರೆ."

ನರ್ಸ್ ಫೋನನ್ನು ಸ್ಪೀಕರಿಗೆ ಹಾಕಿ ನಮ್ಮಿಬ್ಬರ ನಡುವಿನ ಮೇಜಿನ ಮೇಲಿಟ್ಟಳು. ಯಾವುದೋ ಊರಿನಿಂದ ಒಬ್ಬ ಹೆಂಗಸು ಬಲ್ಗೇರಿಯನ್ನಿನಲ್ಲಿ ನಮಸ್ಕಾರ ಹೇಳಿದಳು. ಡಾಕ್ಟರು ಬಂದು, ಎಲ್ಲ ಚೆನ್ನಾಗಿದೆ, ಹೃದಯ ಗಟ್ಟಿಯಾಗಿದೆ, ಪ್ರಯಾಣಕ್ಕೂ ಅಡ್ಡಿಯಿಲ್ಲ ಎಂದರು. ನನಗೆ ಇಂಗ್ಲಿಷಿನಲ್ಲಿ ಮೊದಲೇ ತಿಳಿಯಿತಲ್ಲ, ಸಂತೋಷ ತಡೆಯಲಾರದೆ ಅತ್ತೆಯ ಕೈ ಹಿಡಿದು, "ಅತ್ತಿ, ಎಲ್ಲಾ ಸರಿ ಇದೆ!" ಎಂದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಕೈ ಹಿಡಿದುಕೊಂಡೇ ಮುಂದಕ್ಕೆ ಬಾಗಿ ಆ ಫೋನಿಗೆ ಕಿವಿ ಕೊಟ್ಟು, ಅವಳು ಹೇಳಿ ಮುಗಿಸುವವರೆಗೂ ಕಾದರು.